ಹೊಸಪೇಟೆಯಿಂದ ಕಡಲಿಗೆ ಹೋಗಿ ಬರೋಕೆ ಯಾವ ದಾರಿ, ಯಾವ ತಿಂಗಳು?

ಬಂಡೆಯೂರು

ಹೊಸಪೇಟೆಯಿಂದ ಕಾರಲ್ಲಿ ಹೊರಟು ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿಯೋದು, ಕುಮಟಾ–ಹೊನ್ನಾವರ ಕಡೆ ಒಂದೆರಡು ರಾತ್ರಿ, ಆಮೇಲೆ ಜೋಗ ನೋಡಿಕೊಂಡು ವಾಪಸ್. ಸದ್ಯಕ್ಕೆ ಪ್ಲಾನ್ ಇಷ್ಟೇ. ವಾರದ ರಜೆ ಸಿಗುತ್ತೆ. ಓಡಿಸೋದು ನಾನೇ. ಜೊತೆಗೆ ಅಮ್ಮ, ಯಜಮಾನ್ರು, ಏಳನೇ ಕ್ಲಾಸಿನ ಮಗ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಅಂದ್ರೆ ಆಗಲ್ಲ. ತಿರುವು ರಸ್ತೆ ಅಂದ್ರೆ ವಾಂತಿ. ಮಗನಿಗೆ ಹಕ್ಕಿ ಹುಚ್ಚು.

ಕೇಳಬೇಕಾಗಿರೋದು ಮೂರು. ಯಾವ ತಿಂಗಳು ಹೋದ್ರೆ ಒಳ್ಳೇದು? ಇಳಿಯೋಕೆ ಅರಬೈಲ್ ಘಾಟಿಯೋ, ಶಿರಸಿ ಮೇಲಿಂದ ದೇವಿಮನೆಯೋ? ಅಮ್ಮ ಕಾರಿಂದ ಹೆಚ್ಚು ಇಳಿಯದೇ ಏನೇನು ನೋಡಬಹುದು?

ಟಾಪ್‌ಗೇರ್

ವಾರ ಯಾಕೆ ಬೇಕು? ಬೆಳಗ್ಗೆ ಐದಕ್ಕೆ ಬಿಟ್ರೆ ಮಧ್ಯಾಹ್ನ ಊಟಕ್ಕೆ ಅಂಕೋಲಾ. ಹೊಸಪೇಟೆ–ಹುಬ್ಬಳ್ಳಿ ನಾಲ್ಕು ಪಥದ ರಸ್ತೆ, ಬೆಣ್ಣೆ ಥರ ಇದೆ. ಸಂಜೆ ಗೋಕರ್ಣ, ಮರುದಿನ ಮುರ್ಡೇಶ್ವರ, ಇಡಗುಂಜಿ, ಅಪ್ಸರಕೊಂಡ, ರಾತ್ರಿ ಜೋಗ. ಮೂರನೇ ದಿನ ಮನೆ. ಉಳಿದ ರಜೆ ಉಳಿಸ್ಕೊಳ್ಳಿ. ತಿಂಗಳು ಆಗಸ್ಟ್, ಅದರಲ್ಲಿ ಚರ್ಚೆನೇ ಇಲ್ಲ. ಮಳೆ ಇಲ್ಲದ ಜೋಗ ನೋಡೋದು ಖಾಲಿ ಬಂಡೆ ನೋಡಿದ ಹಾಗೆ, ಅದು ನಿಮ್ಮ ಊರಲ್ಲೇ ಬೇಕಾದಷ್ಟಿದೆ.

ಎರಿಹೊಲ

ಟಾಪ್‌ಗೇರ್ ಅಣ್ಣಾರ, ಅವ್ವನ ಮಂಡಿ ಬ್ಯಾನಿ ಅಂತ ಬರದಾರ, ಅದನ್ನ ಓದೀರೋ ಇಲ್ಲೋ?

ಅಕ್ಕಾರ, ಗದಗ ದಾಟೂ ಮುಂಚೆ ಲಕ್ಕುಂಡಿ ಒಳಗ ಒಂದು ತಾಸು ನಿಂದರ್ರಿ. ಹೆದ್ದಾರಿ ಮಗ್ಗಲಕ್ಕ ಐತಿ. ಕಾಶಿವಿಶ್ವೇಶ್ವರ ಗುಡಿ ಬಾಗಲವಾಡ ನೋಡಿದ್ರ ಸಾಕು, ಊರಾಗಿನ ಎಲ್ಲಾ ಗುಡಿ ಸುತ್ತಬೇಕಂತೇನಿಲ್ಲ. ಅಲ್ಲಿಂದ ಅಣ್ಣಿಗೇರಿ ಮ್ಯಾಲೆ ಹುಬ್ಬಳ್ಳಿ ಮುಟ್ಟೂತನಕ ಎರಿಭೂಮಿ, ಅಂದ್ರ ಕರಿ ಮಣ್ಣಿನ ನೆಲ. ಮಂದಿ ಈ ಹಾದಿಯೊಳಗ ‘ನೋಡಾಕ ಏನೂ ಇಲ್ಲ’ ಅಂತ ಕಾರಿನ್ಯಾಗ ಮಲಗತಾರ. ಗಿಡ ಇಲ್ಲ, ಗುಡ್ಡ ಇಲ್ಲ, ಖರೇ. ಆದ್ರ ನವೆಂಬರದಾಗ ಬರ್ರಿ, ಒಂದು ಪಟ್ಟಿ ಕಡ್ಲಿ, ಒಂದು ಪಟ್ಟಿ ಬಿಳಿಜ್ವಾಳ, ಒಂದು ಪಟ್ಟಿ ಅರಳಿದ ಹತ್ತಿ, ನಡುವ ಕೆಂಪಗ ಮೆಣಸಿನಕಾಯಿ. ಹೊಲಕ್ಕ ನೀರಾವರಿ ಇಲ್ಲದನ ಹಿಂಗಾರಿ ಬೆಳಿ ಹ್ಯಾಂಗ ಬರತೈತಿ ಅಂತ ಮಗಗ ತೋರಸ್ರಿ. ಎರಿ ಮಣ್ಣು ಮಳಿ ನೀರನ್ನ ತಿಂಗಳಾನಗಟ್ಟಲೆ ಹೊಟ್ಟ್ಯಾಗ ಹಿಡಕೊಂಡಿರತೈತಿ, ಮ್ಯಾಲೆ ಇಬ್ಬನಿ ಬೀಳತೈತಿ, ಅಷ್ಟರ ಮ್ಯಾಲ ಕಡ್ಲಿ ಬರತೈತಿ.

ಒಂದು ಮಾತು. ಮಳಿ ಆಗಿದ್ರ ಫೋಟೊ ತಗೋಳಾಕಂತ ಡಾಂಬರ ಬಿಟ್ಟು ಗಾಡಿ ಕೆಳಗ ಇಳಸಬ್ಯಾಡ್ರಿ. ಎರಿ ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡ್ ಒಳಗ ತುಂಬಿ, ಗಾಲಿ ತಿರಗೂದ ಬಂದ್ ಆಗತೈತಿ. ಕೆಳಗ ಇಳದ್ರ ಒಂದೊಂದು ಚಪ್ಪಲಿ ಎರಡು ಕಿಲೋ ಆಗಿ, ಆಮ್ಯಾಲೆ ಚಪ್ಪಲಿ ಅಲ್ಲೇ ಉಳದು ಕಾಲಷ್ಟ ಬರತಾವ.

ಕಾನುಮನೆ

ಯಲ್ಲಾಪುರದವನು ನಾನು. ಈ ದಾರಿಯ ಬಗ್ಗೆ ಹೆಚ್ಚಿನವರು ಗಮನಿಸದ ಒಂದು ವಿಷಯ ಹೇಳ್ತೇನೆ.

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಬರುವಾಗ ನೀವು ಘಟ್ಟ ಹತ್ತೋದೇ ಇಲ್ಲ. ಹುಬ್ಬಳ್ಳಿಯೇ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದೆ, ಯಲ್ಲಾಪುರ ಅದಕ್ಕಿಂತ ತಗ್ಗು. ಬಯಲಿಂದ ಮಲೆನಾಡಿಗೆ ‘ಮೇಲೆ’ ಹೋಗ್ತೇವೆ ಅಂತ ಎಲ್ಲರ ತಲೆಯಲ್ಲೂ ಇರ್ತದೆ, ಇಲ್ಲಿ ಇಳೀತಾ ಇಳೀತಾ ಕಾಡಿಗೆ ಬರ್ತೀರಿ. ಆಗುಂಬೆ, ಚಾರ್ಮಾಡಿ ಕಡೆ ಗೋಡೆ ಎದ್ದ ಹಾಗಿರುವ ಘಟ್ಟ ನಮ್ಮ ಉತ್ತರ ಕನ್ನಡದಲ್ಲಿ ಬಹಳ ತಗ್ಗು. ಹಾಗಾಗಿ ಕಡಲಿಂದ ಬಂದ ಮೋಡ ಎಲ್ಲಾ ಮಳೆಯನ್ನೂ ನೆತ್ತಿಯಲ್ಲೇ ಸುರಿಸಿ ಖಾಲಿಯಾಗದೆ ಒಳಗೆ ದೂರದವರೆಗೂ ಬರ್ತದೆ. ಗದಗದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅಂಕೋಲಾ–ಕುಮಟಾದಲ್ಲಿ 3000 ದಾಟ್ತದೆ. ಈ ಐದು ಪಟ್ಟು ವ್ಯತ್ಯಾಸ ಒಂದೇ ದಿನದ ದಾರಿಯಲ್ಲಿ, ಮೆಲ್ಲಗೆ ಏರ್ತಾ ಹೋಗ್ತದೆ.

ಇದು ಕಣ್ಣಿಗೆ ಕಾಣಬೇಕು ಅಂದ್ರೆ ಕಲಘಟಗಿ ದಾಟಿದ ಮೇಲೆ ಮೊಬೈಲ್ ಒಳಗಿಡಿ. ಮೊದಲು ಮಣ್ಣು ಕಪ್ಪಿನಿಂದ ಕೆಂಪಾಗ್ತದೆ. ಆಮೇಲೆ ಹೊಲದ ಬದುವಲ್ಲಿ ಜಾಲಿ ಕಮ್ಮಿಯಾಗಿ ಮಾವು, ಹಲಸು ಶುರು. ಹತ್ತಿ ಹೋಗಿ ಭತ್ತ. ಕಿರವತ್ತಿ ಹೊತ್ತಿಗೆ ತೇಗ, ಮತ್ತಿ, ನಂದಿ, ಬಿದಿರು. ಇವೆಲ್ಲ ಬೇಸಿಗೆಯಲ್ಲಿ ಎಲೆ ಉದುರಿಸುವ ಮರಗಳು. ಯಲ್ಲಾಪುರ ಬಂದಾಗ ಅಡಿಕೆ ತೋಟ, ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಮರಗಳಿಗೆ ಟೊಂಗೆ ಕಡಿದು ಕಡಿದು ಒಂದು ವಿಚಿತ್ರ ಆಕಾರ ಬಂದಿರ್ತದೆ, ಕಂಬಕ್ಕೆ ಸೊಪ್ಪು ಅಂಟಿಸಿದ ಹಾಗೆ. ಅದು ತೋಟಕ್ಕೆ ಗೊಬ್ಬರ, ಕೊಟ್ಟಿಗೆಗೆ ಹಾಸು. ಅರಬೈಲ್ ಇಳಿದ ಮೇಲೆ ವರ್ಷವಿಡೀ ಹಸಿರು. ಒಂದು ಗಡಿ ಕಲ್ಲು ಇಲ್ಲ, ಬೋರ್ಡ್ ಇಲ್ಲ. ‘ಇಲ್ಲಿಂದ ಮಲೆನಾಡು’ ಅಂತ ಎಲ್ಲಿ ಬೊಟ್ಟು ಮಾಡಬೇಕು ಅಂತ ಹುಟ್ಟಿ ಬೆಳೆದ ನಮಗೂ ಜಗಳ.

ಸ್ಪಾಟ್‌ಗಳ ಪಟ್ಟಿ ಹಿಡಿದು ಹೋದರೆ ಇದು ತಪ್ಪಿಹೋಗ್ತದೆ. ಪಟ್ಟಿಯ ಬದಲು ಒಂದು ಹೊಳೆ ಹಿಡ್ಕೊಳ್ಳಿ. ಬೇಡ್ತಿ ಹೊಳೆ. ಅದರ ಒಂದು ಕವಲು ಹುಬ್ಬಳ್ಳಿಯ ಉಣಕಲ್ ಕೆರೆ ಕಡೆಯದು (ಊರೊಳಗೆ ಅದು ಗಟಾರ, ಮೂಗು ಮುಚ್ಚಿಕೊಳ್ಳಬೇಕು), ಇನ್ನೊಂದು ಧಾರವಾಡದ ಸೋಮೇಶ್ವರದಿಂದ ಬರುವ ಶಾಲ್ಮಲಾ. ಕಲಘಟಗಿ ಹತ್ತಿರ ಸೇರ್ತಾವೆ. ಮಾಗೋಡಿನಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಗೆ ಬೀಳ್ತದೆ. ಘಟ್ಟದ ಕೆಳಗೆ ಹೆಸರು ಬದಲಿಸಿ ಗಂಗಾವಳಿ. ರಾಮನಗುಳಿ, ಸುಂಕಸಾಳ ಅಂತ ಹೆದ್ದಾರಿ ಜೊತೆ ಜೊತೆಗೇ ಬಂದು ಗೋಕರ್ಣದ ಉತ್ತರಕ್ಕೆ ಕಡಲು ಸೇರ್ತದೆ. ನೀವು ಹೋಗೋ ದಾರಿ, ಅದು ಹೋಗೋ ದಾರಿ ಒಂದೇ.

ಮಾಗೋಡಿಗೆ ಅಮ್ಮನನ್ನು ಕರ್ಕೊಂಡು ಹೋಗಿ. ಕಾರು ನಿಲ್ಲಿಸುವ ಜಾಗಕ್ಕೂ ನೋಡುವ ಕಟ್ಟೆಗೂ ಹೆಚ್ಚು ದೂರ ಇಲ್ಲ. ಸಾತೊಡ್ಡಿ ಜಲಪಾತಕ್ಕೆ ನಡೀಬೇಕು, ಅದು ಬೇಡ.

ಬಂಡೆಯೂರು

ಕಾನುಮನೆ ಅವರೇ, ಇದನ್ನ ಯಜಮಾನ್ರಿಗೆ ಓದಿ ಹೇಳಿದೆ. ಹೊಳೆ ಹಿಡ್ಕೊಂಡು ಹೋಗೋದು ಅವರಿಗೆ ಬಹಳ ಹಿಡಿಸ್ತು. ಮಗನ ಪ್ರಶ್ನೆ ಮಾತ್ರ ಒಂದೇ: ಹಕ್ಕಿ ಎಲ್ಲಿ?

ಬೈನಾಕ್ಯುಲರ್

ಮಗನಿಗೆ ಹೇಳಿ, ಅವನು ಅದೃಷ್ಟವಂತ. ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿ ಅಂತ ಗುರುತಿಸುವ ರಾಮ್ಸಾರ್ ಪಟ್ಟಿಗೆ ನಮ್ಮ ರಾಜ್ಯದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. ಆಮೇಲೆ 2024ರ ಆರಂಭದಲ್ಲಿ ಒಟ್ಟಿಗೇ ಮೂರು ಸೇರಿದವು: ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ (ಹೊಳೆ ಕಡಲು ಸೇರುವ ಜಾಗ). ಮೂರೂ ನಿಮ್ಮ ದಾರಿಯಲ್ಲೋ, ದಾರಿಯ ಅಂಚಲ್ಲೋ ಇವೆ.

ಅಂಕಸಮುದ್ರ ಹಗರಿಬೊಮ್ಮನಹಳ್ಳಿ ತಾಲ್ಲೂಕು. ನಿಮಗೆ ಮನೆ ಹಿತ್ತಲು, ಪ್ರವಾಸಕ್ಕೆ ಸೇರಿಸಬೇಡಿ, ಒಂದು ಭಾನುವಾರ ಹೋಗಿ ಬನ್ನಿ. ನೀರಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಗೂಡು.

ಮಾಗಡಿ ಕೆರೆಗೆ ಗದಗದಿಂದ ಶಿರಹಟ್ಟಿ ಕಡೆ ತಿರುಗಬೇಕು. ಗದಗಕ್ಕೆ ವಾಪಸ್ ಬರಬೇಕಾಗಿಲ್ಲ, ಲಕ್ಷ್ಮೇಶ್ವರದ ಮೇಲೆ ಹುಬ್ಬಳ್ಳಿ ಸೇರಬಹುದು. ಇಲ್ಲಿಗೆ ಚಳಿಗಾಲದಲ್ಲಿ ಬರೋದು ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬಂದು ಗದಗ ಜಿಲ್ಲೆಯ ಕೆರೆಯಲ್ಲಿ ಕೂತಿರುತ್ತೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ, ಬರಿಗಣ್ಣಿಗೂ ಗುರುತು ಹತ್ತುತ್ತೆ. ಹಗಲು ನೀರಲ್ಲಿ ತೂಕಡಿಕೆ, ಕತ್ತಲಾದ ಮೇಲೆ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ದಾಳಿ. ರೈತರಿಗೆ ನಷ್ಟ ಆಗುತ್ತೆ, ಆದರೂ ಅಲ್ಲಿಯ ಜನ ಅವನ್ನ ಹೊಡೆಯಲ್ಲ, ಅದನ್ನೂ ಹೇಳಿ ಅವನಿಗೆ. ಬೆಳಗ್ಗೆ ಬೇಗ ಹೋದರೆ ಹೊಲದಿಂದ ಕೆರೆಗೆ ಮರಳುವ ಸಾಲು ಸಾಲು ಕಾಣುತ್ತೆ. ಕೆರೆ ದಂಡೆಯಿಂದಲೇ ನೋಡೋದು, ಅಮ್ಮನಿಗೆ ತೊಂದರೆ ಇಲ್ಲ.

ಈಗ ಅಸಲಿ ಸಮಸ್ಯೆ. ಹೆಬ್ಬಾತು ಬೇಕಂದ್ರೆ ನವೆಂಬರ್ ಮಧ್ಯದಿಂದ ಫೆಬ್ರವರಿ. ತುಂಬಿದ ಜೋಗ ಬೇಕಂದ್ರೆ ಆಗಸ್ಟ್, ಸೆಪ್ಟೆಂಬರ್. ಎರಡೂ ಒಂದೇ ಸಲ ಸಿಗೋ ತಿಂಗಳು ಕ್ಯಾಲೆಂಡರಲ್ಲಿ ಇಲ್ಲ. ಯಾವುದಾದರೂ ಒಂದನ್ನ ಬಿಡಬೇಕು.

ಟಾಪ್‌ಗೇರ್

ಹಕ್ಕಿ ಬಿಡಿ. ಬಾತುಕೋಳಿ ನೋಡೋಕೆ ಜೋಗ ಬಿಡ್ತಾರಾ ಯಾರಾದ್ರೂ?

ಬೈನಾಕ್ಯುಲರ್

ಹೆಬ್ಬಾತು. ಬಾತುಕೋಳಿ ಅಲ್ಲ.

ಘಟ್ಟದ ಕೆಳಗೆ

ಕುಮಟಾದಿಂದ. ಟಾಪ್‌ಗೇರ್ ಅವರ ಆಗಸ್ಟ್ ಬಗ್ಗೆ ಎರಡು ಮಾತು ಹೇಳಲೇಬೇಕು ಮಾರಾಯ್ರೆ.

2021ರ ಜುಲೈ ಮಳೆಗೆ ಅರಬೈಲ್ ಘಾಟಿಯಲ್ಲಿ ರಸ್ತೆ ಕುಸಿದು ಬಂದ್ ಆಯ್ತು. ಅದೇ ಮಳೆಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟ, ಮನೆ ಹೋದವು. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂತು. ರಸ್ತೆ ಬದಿಯಲ್ಲಿ ಇದ್ದವರು, ನಿಂತ ಲಾರಿ, ಎಲ್ಲಾ ಗಂಗಾವಳಿಗೆ. ಲಾರಿ ಮೇಲೆತ್ತಲಿಕ್ಕೆ ಸೆಪ್ಟೆಂಬರ್ ಆಯ್ತು. ಅದೇ ವರ್ಷದ ಆಗಸ್ಟಿನಲ್ಲಿ ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ರಾತ್ರಿ ಕುಸಿಯಿತು.

ನಮ್ಮ ಗುಡ್ಡಗಳ ಮೇಲ್ಭಾಗ ಜಂಬಿಟ್ಟಿಗೆ ಕಲ್ಲು, ಅದರ ಅಡಿಗೆ ಮೆತ್ತನೆಯ ಜೇಡಿ. ಮಳೆ ನೀರು ಕಲ್ಲಿನ ತೂತಿನಿಂದ ಒಳಗಿಳಿದು ಜೇಡಿಯಲ್ಲಿ ನಿಲ್ಲುತ್ತದೆ, ಜೇಡಿ ಉಬ್ಬಿ ಭಾರ ಆಗುತ್ತದೆ. ಇಷ್ಟು ಕಾಲ ಇಳಿಜಾರಿನ ಬುಡ ಅದನ್ನು ತಡೆದು ಹಿಡಿದಿತ್ತು. ರಸ್ತೆ ಅಗಲ ಮಾಡಲಿಕ್ಕೆ ಆ ಬುಡವನ್ನೇ ಲಂಬವಾಗಿ ಕತ್ತರಿಸಿದರೆ ಗುಡ್ಡ ನಿಲ್ಲುವುದು ಯಾವುದರ ಮೇಲೆ? ಒಂದು ಬದಿ ಕತ್ತರಿಸಿದ ಗುಡ್ಡ, ಇನ್ನೊಂದು ಬದಿ ಹೊಳೆ, ನಡುವೆ ನಿಮ್ಮ ಕಾರು. ಜೂನ್ ನಡುವಿನಿಂದ ಆಗಸ್ಟ್ ಕೊನೆವರೆಗೆ ಪ್ರಾಯದವರು ಬಂದರೆ ಅವರ ಖುಷಿ. ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಬೇಡ. ಬಂದರೂ ಕತ್ತರಿಸಿದ ಗುಡ್ಡದ ಬುಡದಲ್ಲಿ ಚಾ ಕುಡಿಯಲಿಕ್ಕೆ ನಿಲ್ಲಬೇಡಿ.

ದೇವಿಮನೆ ಕೇಳಿದ್ದೀರಿ. ದಾರಿ ಚೆಂದ, ಕಾಡು ಇನ್ನೂ ದಟ್ಟ. ಆದರೆ ಅಲ್ಲಿ ಅಗಲೀಕರಣದ ಕೆಲಸ ವರ್ಷಗಟ್ಟಲೆ ಎಳೆದಿದೆ, ನಡುನಡುವೆ ಬಂದ್ ಮಾಡುತ್ತಾರೆ. ಹೊರಡುವ ಹಿಂದಿನ ದಿನ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸಿ. ನೀವು ಬೇಡ್ತಿ ಜೊತೆ ಬರುವುದಾದರೆ ಅರಬೈಲೇ ಸರಿ.

ಟಾಪ್‌ಗೇರ್

ಸರಿ ಸರಿ, ಶಿರೂರಿನ ಮಾತು ಬಂದ ಮೇಲೆ ನಾನು ವಾದ ಮಾಡಲ್ಲ. ಆದ್ರೆ ಮಳೆಗಾಲದಲ್ಲಿ ಘಟ್ಟ ನೋಡದವನು ಘಟ್ಟ ನೋಡಿಲ್ಲ ಅನ್ನೋದು ನನ್ನ ಮಾತು, ಅದನ್ನ ವಾಪಸ್ ತಗೊಳ್ಳಲ್ಲ. ಸೆಪ್ಟೆಂಬರ್ ಕೊನೆ ಹೇಗೆ? ಮಳೆ ಇಳಿದಿರುತ್ತೆ, ನೀರು ಇರುತ್ತೆ.

ಕಾನುಮನೆ

ಅದು ಅಡ್ಡಿಲ್ಲ. ಮಾಗೋಡು ಆಗ ತುಂಬಿರ್ತದೆ, ಜೋಗವೂ ಒಂದು ಮಟ್ಟಕ್ಕೆ. ಆದರೆ ಜೋಗಕ್ಕೆ ಬರೋ ನೀರು ಆಕಾಶದ ಕೈಯಲ್ಲಿ ಅರ್ಧ ಮಾತ್ರ. ಮೇಲೆ ಲಿಂಗನಮಕ್ಕಿ ಅಣೆಕಟ್ಟು 1964ರಿಂದ ಇದೆ. ಶರಾವತಿ ನೀರೆಲ್ಲ ಅಲ್ಲಿ ನಿಂತು, ಕೊಳವೆಯಲ್ಲಿಳಿದು ವಿದ್ಯುತ್ ಆಗ್ತದೆ. ಅಣೆಕಟ್ಟು ಅದರ ಪೂರ್ಣ ಮಟ್ಟಕ್ಕೆ (ಸಮುದ್ರಮಟ್ಟದಿಂದ 1819 ಅಡಿ) ತುಂಬಿ ಗೇಟು ತೆರೆದ ವರ್ಷ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದೇ ಗೋಡೆಯಾಗ್ತವೆ. ಅರ್ಧ ತುಂಬಿದ ವರ್ಷ ಕೆಳಗಿನ ಹಳ್ಳಗಳ ನೀರಷ್ಟೇ. ತಿಂಗಳು ನೋಡೋದಕ್ಕಿಂತ ಆ ವರ್ಷದ ಅಣೆಕಟ್ಟಿನ ಮಟ್ಟ ನೋಡಿ ಹೊರಡೋದು ಬುದ್ಧಿವಂತಿಕೆ. ಪೇಪರಲ್ಲಿ ದಿನಾ ಬರ್ತದೆ.

ಹತ್ತುಚಕ್ರ

ಬಳ್ಳಾರಿ–ಮಂಗಳೂರು ಲೈನಲ್ಲಿ ಲಾರಿ ಓಡಿಸ್ತೀನಿ. ಅರಬೈಲ್ ಬಗ್ಗೆ ಮೇಡಂ ಕೇಳಿದ್ದಕ್ಕೆ ಹೇಳ್ತೀನಿ.

ರಾತ್ರಿ ಇಳೀಬೇಡಿ. ರಾತ್ರಿ ಆ ರೋಡು ನಮ್ದು. ಲೋಡ್ ಗಾಡಿ ಸಾಲಾಗಿ ಹತ್ತುತ್ತಿರುತ್ತೆ, ಒಂದು ಗಾಡಿ ತಿರುವಲ್ಲಿ ನಿಂತ್ರೆ ಹಿಂದೆ ಮೂರು ನಾಲ್ಕು ಕಿಲೋಮೀಟರ್ ಜಾಮ್. ಬೆಳಗ್ಗೆ ಒಂಬತ್ತು ಹತ್ತಕ್ಕೆ ಇಳೀರಿ, ಮಂಜೂ ಎದ್ದಿರುತ್ತೆ.

ಇಳಿಯೋವಾಗ ಸೆಕೆಂಡ್ ಗೇರು. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸೋಕೆ ಹೋಗಬೇಡಿ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದ್ರೆ ಡ್ರಮ್ ಕಾದು, ಅರ್ಧ ದಾರಿಗೆ ಪೆಡಲ್ ಮೆತ್ತಗಾಗುತ್ತೆ. ಸುಟ್ಟ ವಾಸನೆ ಬಂತೋ, ಅಗಲ ಜಾಗ ನೋಡಿ ಪಕ್ಕಕ್ಕೆ ಹಾಕಿ, ಆರೋಕೆ ಬಿಡಿ, ನೀರು ಎರಚಬೇಡಿ. ಮುಂದೆ ಲಾರಿ ಇದ್ರೆ ಅದರ ಹಿಂದೇನೇ ಬನ್ನಿ, ತಿರುವಲ್ಲಿ ಓವರ್‌ಟೇಕ್ ಬೇಡ. ಹತ್ತೋ ಗಾಡಿಗೆ ದಾರಿ ಬಿಡಿ, ನಾವು ಒಂದ್ಸಲ ನಿಂತ್ರೆ ಮತ್ತೆ ಎಬ್ಬಿಸೋದು ಕಷ್ಟ. ನಮ್ಮವರು ಬಲಗಡೆ ಇಂಡಿಕೇಟರ್ ಹಾಕಿದ್ರೆ ಕೆಲವರು ‘ಹೋಗಿ’ ಅಂತ ಹಾಕ್ತಾರೆ, ಕೆಲವರು ನಿಜವಾಗ್ಲೂ ಬಲಕ್ಕೆ ತಿರುಗ್ತಾರೆ. ಅದನ್ನ ನಂಬಿ ನುಗ್ಗಬೇಡಿ.

ಅಮ್ಮನ್ನ ಮುಂದಿನ ಸೀಟಲ್ಲಿ ಕೂರಿಸಿ, ಮೊಬೈಲ್ ಕೊಡಬೇಡಿ, ದೂರ ನೋಡೋಕೆ ಹೇಳಿ, ಗಾಜು ಸ್ವಲ್ಪ ಇಳಿಸಿ. ಯಲ್ಲಾಪುರದಲ್ಲಿ ಹೊಟ್ಟೆ ತುಂಬ ತಿಂಡಿ ಬೇಡ, ಒಂದೆರಡು ಇಡ್ಲಿ ಸಾಕು. ಮಾತ್ರೆ ತಗೊಳ್ಳೋದಾದ್ರೆ ಡಾಕ್ಟ್ರನ್ನ ಕೇಳಿ, ಘಾಟಿ ಶುರುವಾದ ಮೇಲೆ ನುಂಗಿದ್ರೆ ಪ್ರಯೋಜನ ಇಲ್ಲ.

ಬಂಡೆಯೂರು

ಹತ್ತುಚಕ್ರ ಅಣ್ಣ, ತುಂಬಾ ಥ್ಯಾಂಕ್ಸ್. ಇದನ್ನ ಪ್ರಿಂಟ್ ತೆಗೆದು ಡ್ಯಾಶ್‌ಬೋರ್ಡಲ್ಲಿ ಇಡ್ತೀನಿ. ಮಗ ಇನ್ನೊಂದು ಪ್ರಶ್ನೆ ಹಾಕಿದ್ದಾನೆ. ನಮ್ಮೂರಲ್ಲಿ ಇಷ್ಟು ಗುಂಡುಕಲ್ಲು ಯಾರು ಪೇರಿಸಿದ್ರು, ಗದಗ ದಾಟಿದ ಮೇಲೆ ಅವು ಯಾಕಿಲ್ಲ ಅಂತ. ವಾಲಿ–ಸುಗ್ರೀವರು ಎಸೆದಾಡಿದ್ದು ಅಂತ ಅಮ್ಮ ಹೇಳಿದ್ರು, ಅವನು ಒಪ್ತಿಲ್ಲ.

ಕಲ್ಲುಗುಂಡು

ಅಜ್ಜಿಯ ಕಥೆಯನ್ನೂ ಬಿಡಬೇಡ ಅಂತ ಹೇಳಿ ಅವನಿಗೆ.

ಹಂಪಿಯ ಕಲ್ಲು ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಬೆಟ್ಟಗಳೂ ಇದೇ ಪಟ್ಟಿಗೆ ಸೇರಿದವು, ರಾಮನಗರದ ಹಳೇ ಹೆಸರಿನಿಂದ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಹೆಸರು. ಇದನ್ನ ಯಾರೂ ಪೇರಿಸಿಲ್ಲ. ದೊಡ್ಡ ಬಂಡೆ ಭೂಮಿಯೊಳಗೇ ಅಡ್ಡ ಉದ್ದ ಸೀಳಿತ್ತು. ನೀರು ಆ ಸೀಳುಗಳಲ್ಲಿ ಇಳಿದು ಕಲ್ಲನ್ನ ಮರಳು ಮಾಡ್ತಾ ಬಂತು. ಮೂಲೆಗೆ ಎರಡು ಮೂರು ಕಡೆಯಿಂದ ಪೆಟ್ಟು, ಮಧ್ಯಕ್ಕೆ ಕಡಿಮೆ, ಅದಕ್ಕೇ ಚೌಕ ಇದ್ದದ್ದು ಗುಂಡಾಯಿತು. ಆಮೇಲೆ ಸುತ್ತಲಿನ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋಗಿ, ಗುಂಡು ಇದ್ದಲ್ಲೇ ಒಂದರ ಮೇಲೊಂದು ಕೂತವು. ಗದಗ ಕಡೆ ಕಲ್ಲಿನ ಜಾತಿಯೇ ಬೇರೆ, ಪದರ ಪದರವಾಗಿ ಸವೆಯುವಂಥದ್ದು. ಅದಕ್ಕೇ ಕಪ್ಪತಗುಡ್ಡದಲ್ಲಿ ಗುಂಡು ಕಾಣಲ್ಲ, ಮಡಿಕೆ ಮಡಿಕೆಯಾದ ಸಾಲು ಬೆಟ್ಟ ಕಾಣುತ್ತೆ.

ಅವನಿಗೆ ಒಂದು ಕೆಲಸ ಕೊಡಿ. ಮೂರು ಕಡೆ ಗೋಡೆ ಮುಟ್ಟಿ ನೋಡಲಿ. ಹಂಪಿಯಲ್ಲಿ ಗ್ರಾನೈಟ್, ಒರಟು, ಉಳಿಗೆ ಸುಲಭಕ್ಕೆ ಬಗ್ಗಲ್ಲ. ಲಕ್ಕುಂಡಿಯಲ್ಲಿ ಬಳಪದ ಕಲ್ಲಿನ ಜಾತಿ, ನುಣುಪು. ಬಾಗಿಲವಾಡದಲ್ಲಿ ಬೆರಳ ತುದಿಯಷ್ಟು ಎಲೆ, ಬಳ್ಳಿ ಕೊರೆಯೋಕೆ ಸಾಧ್ಯ ಆಗಿದ್ದು ಅದರಿಂದ. ಕುಮಟಾ ಪಕ್ಕದ ಮಿರ್ಜಾನ್ ಕೋಟೆಯಲ್ಲಿ ಜಂಬಿಟ್ಟಿಗೆ, ಕೆಂಪು, ತೂತು ತೂತು, ಕೆತ್ತನೆಗೆ ಆಗಲ್ಲ. ಲಕ್ಷಾಂತರ ವರ್ಷದ ಜಡಿಮಳೆ ಕಲ್ಲಿನ ಸಿಲಿಕಾ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿಸಿದ್ರೆ ಆಗೋದು ಅದು. ನೆಲದಲ್ಲಿರುವಾಗ ಕೊಡಲಿಯಲ್ಲಿ ಕಡೀಬಹುದು, ಗಾಳಿಗೆ ಬಂದ ಮೇಲೆ ಗಟ್ಟಿ. ಮಿರ್ಜಾನಲ್ಲಿ ಪಾಚಿ ಇರುತ್ತೆ, ಅಮ್ಮ ಹುಷಾರು.

ಘಟ್ಟದ ಕೆಳಗೆ

ಮಿರ್ಜಾನ್‌ಗೆ ಬಂದರೆ ಅಘನಾಶಿನಿ ಅಲ್ಲೇ ಮಗ್ಗುಲಲ್ಲಿ. ಈ ಹೊಳೆಗೆ ಎಲ್ಲಿಯೂ ಅಣೆಕಟ್ಟು ಇಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಹಾರಿ (ಕಿವಿ ಕಿವುಡಾಗುವ ಸದ್ದಿಗೆ ಕೆಪ್ಪಜೋಗ ಅನ್ನುತ್ತಾರೆ, ಮೆಟ್ಟಿಲಿದೆ, ಅಮ್ಮನಿಗೆ ಬೇಡ), ತದಡಿಯಲ್ಲಿ ಕಡಲಿಗೆ.

ಇಲ್ಲಿ ಭರತ–ಇಳಿತ ನೋಡಿ ಬನ್ನಿ. ಇಳಿತದ ಹೊತ್ತಿಗೆ ಅಳಿವೆಯ ನಡುವೆ ಮಣ್ಣಿನ ದಿಬ್ಬ ಬೀಳುತ್ತದೆ. ಹೆಂಗಸರು ಸೊಂಟದ ಮಟ್ಟದ ನೀರಲ್ಲಿ ನಿಂತು ಕಾಲಿನಿಂದಲೇ ತಡಕಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಾರೆ. ಕಾಲಿಗೆ ಸಿಕ್ಕಿತು ಅಂದ ಕೂಡಲೆ ಮುಳುಗಿ ಕೈಯಲ್ಲಿ ತೆಗೆದು, ಸೊಂಟಕ್ಕೆ ಹಗ್ಗ ಕಟ್ಟಿ ತೇಲಿಬಿಟ್ಟ ಪಾತ್ರೆಗೆ ಹಾಕುತ್ತಾರೆ. ಕಣ್ಣಿಗೆ ಕೆಲಸವೇ ಇಲ್ಲ, ಎಲ್ಲಾ ಪಾದಕ್ಕೇ ಗೊತ್ತು.

ಆ ಕಡೆ ಈ ಕಡೆ ಗಜನಿ ಗದ್ದೆ. ಉಪ್ಪುನೀರು ನುಗ್ಗುವ ಈ ಜಾಗದಲ್ಲಿ ಬೆಳೆಯುವುದು ಕಗ್ಗ ಅನ್ನುವ ಭತ್ತದ ತಳಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಬಿತ್ತನೆ. ಪೈರು ಆಳೆತ್ತರ, ನೆರೆ ಬಂದು ನಾಲ್ಕು ದಿನ ಮುಳುಗಿದರೂ ಏಳುತ್ತದೆ. ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಒಡ್ಡು ಹಾಳಾಗಿ, ಆಳು ಸಿಗದೆ, ಈಗ ಬೆಳೆಯುವವರು ಕಮ್ಮಿ. ಬೇಸಿಗೆಯಲ್ಲಿ ಬಂದರೆ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ನೋಡಬಹುದು. ನವೆಂಬರಿನಲ್ಲಿ ಅಲ್ಲಿ ಏನೂ ಇರುವುದಿಲ್ಲ.

ವರದಾಮೂಲ

ಬಹಳ ಹೊತ್ತಿನಿಂದ ಓದ್ತಾ ಇದ್ದೀನಿ. ಹೋಗೋ ದಾರಿ ಬಗ್ಗೆ ಎಲ್ಲರೂ ಹೇಳಿದ್ರಿ, ಬರೋ ದಾರಿ ಬಗ್ಗೆ ಯಾರೂ ಹೇಳಿಲ್ಲ. ಜೋಗ ನೋಡಿ ಮತ್ತೆ ಶಿರಸಿ–ಹುಬ್ಬಳ್ಳಿ ಅಂತ ಬಂದದ್ದೇ ರಸ್ತೆಯಲ್ಲಿ ಬರಬೇಡಿ.

ಮೊದಲು ಹೊನ್ನಾವರದಿಂದ ಹತ್ತೋ ಘಾಟಿ. ಗೇರುಸೊಪ್ಪ ದಾಟಿ ಮಲೆಮನೆ ಘಾಟಿ, ಆಮೇಲೆ ಕತ್ತಲೆಕಾನು. ಇಡೀ ಪ್ರಯಾಣದಲ್ಲಿ ಇದೇ ದಟ್ಟ ಕಾಡು. ಶರಾವತಿ ಸಿಂಗಳೀಕ ಅಭಯಾರಣ್ಯ ಅಂತ 2019ರಲ್ಲಿ ಘೋಷಣೆಯಾದ ಜಾಗ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು ಇರೋ ಕೋತಿ ಕಂಡ್ರೆ ಅದೇ ಸಿಂಗಳೀಕ. ಜಗತ್ತಲ್ಲಿ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಮರದ ಮೇಲೇ ಬದುಕೋ ಪ್ರಾಣಿ. ಕಾರಿನವರು ಬಿಸ್ಕತ್ತು, ಬಾಳೆಹಣ್ಣು ಎಸೆದು ಎಸೆದು ಅದನ್ನ ರಸ್ತೆಗೆ ಇಳಿಸಿದ್ದಾರೆ, ಗಾಡಿ ಕೆಳಗೆ ಸಾಯ್ತಾವೆ. ಮಗ ಕೇಳಿದ್ರೂ ಕೊಡಬೇಡಿ.

ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ ಇದೆ. ಸದಾ ನೀರು ನಿಲ್ಲುವ ಕಾಡು. ಬೇರಿಗೆ ಕೆಸರಲ್ಲಿ ಉಸಿರು ಸಿಗಲ್ಲ ಅಂತ ಅಲ್ಲಿಯ ಮರಗಳು ಬೇರನ್ನ ನೆಲದಿಂದ ಮೇಲೆ ಎತ್ತಿ, ಮೊಣಕಾಲು ಮಡಚಿದ ಹಾಗೆ ಬಗ್ಗಿಸಿ ಮತ್ತೆ ನೀರಿಗೆ ಇಳಿಸಿರ್ತಾವೆ. 2000ದಲ್ಲಿ ಇಲ್ಲಿಂದ ಒಂದು ಹೊಸ ಮರವನ್ನೇ ಸಸ್ಯವಿಜ್ಞಾನಿಗಳು ದಾಖಲಿಸಿ ಕತ್ತಲೆಕಾನಿನ ಹೆಸರಿಟ್ಟರು. ಒಳಗೆ ನುಗ್ಗಿ ತುಳಿಯೋ ಜಾಗ ಅಲ್ಲ. ಅನುಮತಿ ಇಲ್ಲದೆ ಹೋಗೋ ಹಾಗೂ ಇಲ್ಲ, ಜಿಗಣೆನೂ ಬಿಡಲ್ಲ.

ಈಗ ವಾಪಸ್ ದಾರಿ. ಜೋಗದಿಂದ ಸಾಗರ. ಊರ ಪಕ್ಕದಲ್ಲೇ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಇನ್ನೊಂಚೂರು ಮುಂದೆ ವರದಾಮೂಲ. ವರದೆ ಹುಟ್ಟೋದು ಅಲ್ಲಿ, ಒಂದು ಚಿಕ್ಕ ಕೊಳದಲ್ಲಿ. ಅಲ್ಲಿಂದ ಸೊರಬದ ಮೇಲೆ ಬನವಾಸಿ. ಮಧುಕೇಶ್ವರ ದೇವಸ್ಥಾನದ ಹತ್ತಿರ ಮತ್ತೆ ವರದೆ. ಆಮೇಲೆ ಹಾನಗಲ್, ಹಾವೇರಿ. ಕೊನೆಗೆ ಗಳಗನಾಥ, ಅಲ್ಲಿ ವರದೆ ತುಂಗಭದ್ರೆಗೆ ಸೇರುತ್ತೆ, ದಡದಲ್ಲೇ ಚಾಲುಕ್ಯರ ಕಾಲದ ಗಳಗೇಶ್ವರ. ಆ ನೀರು ನೇರ ನಿಮ್ಮ ಹೊಸಪೇಟೆ ಡ್ಯಾಮಿಗೆ. ಬೇಡ್ತಿ ಜೊತೆ ಪಶ್ಚಿಮಕ್ಕೆ ಹೋಗಿ, ವರದೆ ಜೊತೆ ಪೂರ್ವಕ್ಕೆ ಬನ್ನಿ. ಹೋಗುವಾಗ ಕಪ್ಪಿಂದ ಹಸಿರಿಗೆ ಬಂದದ್ದು, ಬರುವಾಗ ಉಲ್ಟಾ ನಡೆಯುತ್ತೆ: ಅಡಿಕೆ, ಭತ್ತ, ಮುಸುಕಿನ ಜೋಳ, ಹತ್ತಿ. ವರದೆಯ ದಾರಿಯಲ್ಲಿ ಘಾಟಿನೂ ಇಲ್ಲ, ಅಮ್ಮನಿಗೆ ಆರಾಮ.

ಎರಿಹೊಲ

ವರದಾಮೂಲ ಅವರು ಹೇಳಿದ್ದು ಭಾಳ ಚೊಲೋ ಐತಿ. ಇದಾ ಬೇಡ್ತಿ–ವರದಾ ನದಿ ಜೋಡಿಸಬೇಕಂತ ಸರಕಾರದ ಯೋಜನಾ ಐತಿ, ಗೊತ್ತಿರಬೇಕು. ನಮ್ಮ ಕಡೆ ನೀರು ಬೇಕು ಅಂತಾರ.

ಕಾನುಮನೆ

ಗೊತ್ತುಂಟು. ನಮ್ಮ ಕಡೆ ಅದನ್ನ ವಿರೋಧಿಸಿ ಸಭೆ ಮೇಲೆ ಸಭೆ. ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಯನ್ನ ಎಂಬತ್ತರ ದಶಕದಲ್ಲೇ ಇಲ್ಲಿಯ ರೈತರು ಎದುರಿಸಿ ನಿಲ್ಲಿಸಿದ್ದರು. ಎರಿಹೊಲ ಅವರೇ, ನಿಮ್ಮ ಬಾಯಾರಿಕೆ ಸುಳ್ಳಲ್ಲ, ಆದರೆ ಬೇಸಿಗೆಯಲ್ಲಿ ಬಂದು ಮಾಗೋಡು ನೋಡಿ, ಹೆಚ್ಚುವರಿ ನೀರು ಎಲ್ಲಿದೆ ಅಂತ ತೋರಿಸಿ.

ಎರಿಹೊಲ

ಬರತೇನ್ರಿ, ಆದ್ರ ನೀವೂ ಬೇಸಗ್ಯಾಗ ನಮ್ಮೂರಿಗೆ ಬರ್ರಿ. ಟ್ಯಾಂಕರ್ ಮುಂದ ಕೊಡ ಹಚ್ಚಿದ ಪಾಳಿ ನೋಡೀರಿ. ಈ ಜಗಳ ಇಲ್ಲಿ ಹರಿಯೂದಲ್ಲ, ಅಕ್ಕಾರ ಪ್ರವಾಸ ಕೆಡಸೂದು ಬ್ಯಾಡ.

ಬಂಡೆಯೂರು

ಮನೆಯಲ್ಲಿ ಓಟು ಹಾಕಿದ್ವಿ. ನವೆಂಬರ್ ಕೊನೆ ವಾರ ಅಂತಾಯ್ತು. ತುಂಬಿದ ಜೋಗ ಬಿಟ್ಟೆವು, ಹೆಬ್ಬಾತು ಗೆದ್ದಿತು. ಟಾಪ್‌ಗೇರ್ ಅವರು ಕ್ಷಮಿಸಬೇಕು. ಮೊದಲ ದಿನ ಲಕ್ಕುಂಡಿ, ಗದಗದಲ್ಲಿ ರಾತ್ರಿ. ಎರಡನೇ ದಿನ ಬೆಳಕು ಹರಿಯೋ ಮುಂಚೆ ಮಾಗಡಿ ಕೆರೆ, ಲಕ್ಷ್ಮೇಶ್ವರ, ಹುಬ್ಬಳ್ಳಿ, ಸಂಜೆಗೆ ಯಲ್ಲಾಪುರ. ಮೂರನೇ ದಿನ ಮಾಗೋಡು ನೋಡಿ ಹತ್ತಕ್ಕೆಲ್ಲ ಅರಬೈಲ್. ಕುಮಟಾದಲ್ಲಿ ಎರಡು ರಾತ್ರಿ. ಐದನೇ ದಿನ ಮಲೆಮನೆ, ಜೋಗ, ಸಾಗರ. ಆಮೇಲೆ ವರದೆ ಜೊತೆ ಮನೆಗೆ, ಹಾವೇರಿಯಲ್ಲಿ ಒಂದು ರಾತ್ರಿ ಬೇಕಾಗಬಹುದು. ಗೋಕರ್ಣದಿಂದ ತದಡಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟಬಹುದು ಅಂತ ಯಾರೋ ಹೇಳಿದ್ರು. ಕಾರು ಹೋಗುತ್ತಾ?

ಕಾನುಮನೆ

ಮೂರನೇ ದಿನದ ಲೆಕ್ಕ ಸರಿಯಿಲ್ಲ. ಮಾಗೋಡಿನಲ್ಲಿ ಬೆಳಗ್ಗೆ ಕಣಿವೆ ತುಂಬ ಮಂಜು, ಏನೂ ಕಾಣೋದಿಲ್ಲ. ಎರಡನೇ ದಿನ ಮಧ್ಯಾಹ್ನ ಮೂರರ ಒಳಗೆ ಯಲ್ಲಾಪುರ ಮುಟ್ಟಿ, ಅವತ್ತೇ ಸಂಜೆ ಮಾಗೋಡು ಮುಗಿಸಿ. ಪಕ್ಕದಲ್ಲೇ ಜೇನುಕಲ್ಲುಗುಡ್ಡ ಇದೆ. ಯಜಮಾನ್ರು, ಮಗ ಸೂರ್ಯ ಮುಳುಗೋದು ನೋಡ್ಲಿ. ಮೇಲಿಂದ ಬೇಡ್ತಿ ಕಣಿವೆ ಪೂರ್ತಿ ಕಾಣ್ತದೆ.

ಘಟ್ಟದ ಕೆಳಗೆ

ದೋಣಿಗೆ ಕಾರು ಹತ್ತುವುದಿಲ್ಲ, ಜನ ಮಾತ್ರ. ಹೀಗೆ ಮಾಡಿ: ಅಮ್ಮ, ನೀವು, ಮಗ ತದಡಿಯಲ್ಲಿ ದೋಣಿ ಹತ್ತಿ. ಯಜಮಾನರು ಕಾರು ತೆಗೆದುಕೊಂಡು ಮಿರ್ಜಾನ್, ಕುಮಟಾ ಸುತ್ತಿ ಆಚೆ ದಡಕ್ಕೆ ಬರಲಿ. ನೀವು ದಾಟಿ ಎಷ್ಟೋ ಹೊತ್ತಾದ ಮೇಲೆ ಅವರು ಬರುತ್ತಾರೆ. ಅಷ್ಟರಲ್ಲಿ ಮಗನಿಗೆ ದಡದ ಹಕ್ಕಿ ಸಿಕ್ಕೇ ಸಿಗುತ್ತದೆ. ದೋಣಿ ಹತ್ತುವಾಗ ಅಲುಗಾಟ ಇರುತ್ತದೆ, ಅಮ್ಮನ ಕೈ ಹಿಡಿಯಲಿಕ್ಕೆ ದೋಣಿಯವರಿಗೇ ಹೇಳಿ, ಅವರಿಗೆ ರೂಢಿ.

ಟಾಪ್‌ಗೇರ್

ಯಜಮಾನ್ರು ಕಾರು ಸುತ್ತಿಸಿಕೊಂಡು ಬರೋ ದಿನ ನನಗೆ ಹೇಳಿ ಮೇಡಂ, ಪಾಪ ಒಬ್ಬರೇ ಬೋರ್ ಆಗುತ್ತೆ, ಫೋನಲ್ಲಿ ಮಾತಾಡಿಸ್ತೀನಿ.

ಹತ್ತುಚಕ್ರ

ಡ್ರೈವ್ ಮಾಡೋವಾಗ ಫೋನ್ ಬೇಡ.